ಹೆರದವಳ ಹಾಲು

ಮಾರನಹಳ್ಳಿ,
ಸಕಲೇಶಪುರ ತಾಲ್ಲೂಕು.
೧೨ ಏಪ್ರಿಲ್ ೧೯೯೭, ಶನಿವಾರ.

ಪ್ರೀತಿಯ ತಮ್ಮ ದಯಾನಂದನಿಗೆ ಅಕ್ಕ ಜಗದಾಂಬಳ ಆಶೀರ್ವಾದ.

ಹೊಟ್ಟೆಯುರಿ ಹೇಗಿದೆ? ಜನರದ್ದಲ್ಲ, ನಿನ್ನ ಗ್ಯಾಸ್ಟ್ರಿಕ್ಕಿನದು ಕೇಳುತ್ತಿದ್ದೇನೆ. ತಿಪಟೂರಿನ ಹೋಟೆಲಿನವರು ಸಾರಿಗೆ ಕಾಯಿ ಧಾರಾಳವಾಗಿ ಹಾಕುತ್ತಾರೆ, ಹುಳಿಯನ್ನು ಅದಕ್ಕಿಂತ ಧಾರಾಳವಾಗಿ ಹಾಕುತ್ತಾರೆ ಎಂದು ನೀನೇ ಹೇಳಿದ್ದೆ. ರಾತ್ರಿ ಊಟ ಬಿಟ್ಟು ಮಲಗಬೇಡ, ಜೀರಿಗೆ ಕಷಾಯ ಮಾಡಿಕೊಂಡು ಕುಡಿ. ಬ್ಯಾಂಕಿನಲ್ಲಿ ಕೂತು ಕೂತು ನಿನಗೂ ಅಪ್ಪನ ಬೆನ್ನುನೋವು ಬಂದೀತು, ಆಗಾಗ ಎದ್ದು ಓಡಾಡು. ನಾನು ಚೆನ್ನಾಗಿದ್ದೇನೆ. ಬೀಪಿ ಮಾತ್ರೆ ನುಂಗುತ್ತಿದ್ದೇನೆ. ನಾನು ಮರೆತ ದಿನ ಕೆಂಚಮ್ಮ ನೆನಪಿಸುತ್ತಾಳೆ, ಅವಳೂ ಮರೆತ ದಿನ ತಲೆಯೇ ನೆನಪಿಸುತ್ತದೆ. ಕಾಫಿ ಹೂವಿನ ಮಳೆ ಈ ಸಲ ಹೇಳಿದಂತೆ ಬಿತ್ತು. ತೋಟಗಳೆಲ್ಲ ಬೆಳ್ಳಗಾಗಿ ಆ ವಾಸನೆಗೆ ತಲೆ ತಿರುಗುವಂತಿತ್ತು. ಹಿತ್ತಲಿನ ಜೇನುಪೆಟ್ಟಿಗೆಗಳು ಎತ್ತಲಾರದಷ್ಟು ಭಾರವಾಗಿವೆ. ಧರ್ಮಸ್ಥಳಕ್ಕೆ ಹೋಗುವವರು ಕಾರು ನಿಲ್ಲಿಸುತ್ತಾರೆ, ಬಾಟಲಿಯನ್ನು ತಲೆಕೆಳಗು ಮಾಡಿ ನೋಡುತ್ತಾರೆ, ಬೆಲ್ಲದ ಪಾಕ ಬೆರೆಸಿಲ್ಲ ತಾನೇ ಎಂದು ನನ್ನನ್ನೇ ಕೇಳುತ್ತಾರೆ. ಬೆರೆಸಿದ್ದರೆ ನೊಣಗಳೇ ಬೆರೆಸಿರಬೇಕು, ಅವನ್ನೇ ಕೇಳಿ ಅನ್ನುತ್ತೇನೆ. ನನ್ನ ಬಾಯಿಗೆ ಹೆದರಿ ಕೆಲವರು ಎರಡು ಬಾಟಲಿ ತೆಗೆದುಕೊಂಡು ಹೋಗುತ್ತಾರೆ.

ನಿನ್ನ ಕಾಗದ ಬಂತು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನಿನಗೂ ಬರುವುದಿಲ್ಲ ಎಂದು ಈಗ ಗೊತ್ತಾಯಿತು. ನೀನು ಮದುವೆಯಾಗುವ ಆಶಾಳ ದೊಡ್ಡಮ್ಮನನ್ನು ಆಲೂರಿಗೆ ಕೊಟ್ಟಿದೆಯೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಈ ಸಂಬಂಧ ಕುದುರಿದ ದಿನವೇ ಎದೆ ಗಟ್ಟಿ ಮಾಡಿಕೊಂಡಿರುತ್ತಿದ್ದೆ. ಹುಡುಗನ ಅಕ್ಕ ಮದುವೆಯಾಗದೆ ಉಳಿದವಳು, ಹುಡುಗಿಯಾಗಿದ್ದಾಗಲೇ ಅವಳ ಎದೆಯಲ್ಲಿ ಹಾಲಿದ್ದದ್ದನ್ನು ಕಂಡವರಿದ್ದಾರೆ, ಅವಳು ಅಕ್ಕನೋ ತಾಯಿಯೋ ವಿಚಾರಿಸಿಕೊಳ್ಳಿ ಎಂದು ಆ ದೊಡ್ಡಮ್ಮ ಹೇಳಿದರು. ಆಶಾಳ ಅಪ್ಪ ನಿನ್ನನ್ನು ಬ್ಯಾಂಕಿನ ಹೊರಗೆ ಕರೆದು ಮೆಲ್ಲಗೆ ಕೇಳಿದರು. ನೀನು ಮನೆಗೆ ಹೋಗಿ ನನಗೆ ಬರೆದೆ. ‘ಅಕ್ಕ, ನಾನು ನಿನಗೆ ಏನಾಗಬೇಕು? ಲಗ್ನಪತ್ರಿಕೆ ಪ್ರೆಸ್ಸಿಗೆ ಕೊಡಬೇಕು. ತಾಯಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.’ ಅದರ ಕೆಳಗೆ, ಯಾವುದೇ ನಿಜವಾದರೂ ನಾನು ನಿನ್ನನ್ನು ಬಿಡುವುದಿಲ್ಲ ಎಂದೂ ಬರೆದಿದ್ದೀಯ. ಅದರ ಕೆಳಗೆ, ಮದುವೆಯ ದಿನ ನೀನು ಬರದಿದ್ದರೆ ಮಾತು ಬೆಳೆಯುವುದಿಲ್ಲ ಎಂದೂ ಬರೆದಿದ್ದೀಯ. ಬಿಡುವುದಿಲ್ಲ ಅನ್ನುವುದಕ್ಕೂ ಬರಬೇಡ ಅನ್ನುವುದಕ್ಕೂ ನಡುವೆ ಒಂದು ಗೆರೆಯಷ್ಟೂ ಜಾಗ ಇಲ್ಲವಲ್ಲೋ. ಓದಿದ ಮೇಲೆ ಒಲೆಯ ಮುಂದೆ ಕೂತು ಅತ್ತೆ. ಅಪ್ಪ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಹೇಳಬಾರದು ಅಂದುಕೊಂಡಿದ್ದೆ, ಆದರೆ ಬಚ್ಚಿಟ್ಟು ಬಚ್ಚಿಟ್ಟು ನಮ್ಮ ಮನೆಗೆ ಆದದ್ದು ಸಾಕು.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಥೆ. ಹಾಲು ಕೊಟ್ಟದ್ದು ನಿಜ. ಹೆತ್ತದ್ದು ಸುಳ್ಳು. ಒಂದು ನಿಜವಾದರೆ ಇನ್ನೊಂದೂ ನಿಜವಿರಲೇಬೇಕು ಎಂದು ಆಲೂರಿನವರು ತೀರ್ಮಾನ ಮಾಡಿದರು, ಅಷ್ಟೇ.

ನೀನು ಹುಟ್ಟಿದಾಗ ನನಗೆ ಹದಿನೇಳು ವರ್ಷ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ನಾವು ಸ್ಟೋರಿನ ಹಿಂದಿನ ಮನೆಯಲ್ಲಿದ್ದೆವು. ನನ್ನ ನಂತರ ಅವ್ವನಿಗೆ ಎರಡು ಮಕ್ಕಳಾಗಿ ಎರಡೂ ಉಳಿದಿರಲಿಲ್ಲ. ಇನ್ನು ಆಗುವುದಿಲ್ಲ ಎಂದುಕೊಂಡಿದ್ದಾಗ ನೀನು ಹೊಟ್ಟೆಯಲ್ಲಿ ನಿಂತೆ. ಮನೆಯಲ್ಲಿ ಮದುವೆಗೆ ಬಂದ ಮಗಳಿರುವಾಗ ತಾಯಿ ಬಸುರಾದರೆ ನಮ್ಮ ಕಡೆ ಹೇಗೆ ಆಡಿಕೊಳ್ಳುತ್ತಾರೆ ಎಂದು ನಿನಗೆ ಗೊತ್ತು. ಮಗಳ ಬಾಣಂತನ ಮಾಡುವ ವಯಸ್ಸಿನಲ್ಲಿ ತನ್ನದನ್ನೇ ಮಾಡಿಸಿಕೊಳ್ಳುತ್ತಾಳೆ ಅನ್ನುತ್ತಾರೆ. ಅವ್ವ ನಾಚಿಕೊಂಡಳು. ಪಾಪ, ಅದೇನು ಕದ್ದದ್ದಾಗಿತ್ತೇ? ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ಯಾರಾದರೂ ಕರೆಯಲು ಬಂದರೆ ಕೀಲುನೋವು ಎಂದು ಒಳಗಿನಿಂದಲೇ ಹೇಳಿಸಿದಳು. ಮಳೆಗಾಲ ಪೂರ್ತಿ ಕಂಬಳಿ ಹೊದ್ದೇ ಓಡಾಡಿದಳು. ಆಲೂರಿನ ರಾಮಮ್ಮತ್ತೆ ಅಪ್ಪನ ಒಡಹುಟ್ಟಿದ ತಂಗಿ, ಅವರಿಗೂ ತಿಳಿಸಲಿಲ್ಲ. ಮಗು ಹುಟ್ಟಿದ ಮೇಲೆ ಹೇಳಿದರಾಯಿತು, ಹುಟ್ಟಿದ ಮಗುವನ್ನು ನೋಡಿ ಯಾರೂ ನಗುವುದಿಲ್ಲ ಅನ್ನುತ್ತಿದ್ದಳು. ಹೀಗಾಗಿ ನಮ್ಮ ಬಂಧುಬಳಗದಲ್ಲಿ ಅವ್ವನ ಹೊಟ್ಟೆಯನ್ನು ಕಂಡವರು ಒಬ್ಬರೂ ಇಲ್ಲ. ಕಂಡವರು ಕೂಲಿ ಲೈನಿನ ಹೆಂಗಸರು. ಅವರ ಮಾತನ್ನು ಆಲೂರಿನಲ್ಲಿ ಯಾರು ಕೇಳುತ್ತಾರೆ?

ದೀಪಾವಳಿಯ ಮಾರನೆಯ ವಾರ ನೀನು ಹುಟ್ಟಿದೆ. ಲೈನಿನಿಂದ ಕೆಂಚಮ್ಮ ಬಂದು ಹೊಕ್ಕುಳಬಳ್ಳಿ ಕುಯ್ದಳು. ನಾನು ಬಿಸಿನೀರು ಹೊರುತ್ತಾ ಬಾಗಿಲಲ್ಲಿ ನಿಂತಿದ್ದೆ. ಗಂಡು ಎಂದು ಕೇಳಿದ ತಕ್ಷಣ ಅಪ್ಪ ಸ್ಟೋರಿಗೆ ಹೋಗಿ ಸುಮ್ಮನೆ ಬೀಗ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರಂತೆ. ವಾರ ಕಳೆಯುವುದರಲ್ಲಿ ಅವ್ವನ ಮೈ ಕೆಂಡವಾಯಿತು. ಬಾಣಂತಿ ಸನ್ನಿ. ಡಾಕ್ಟರನ್ನು ಕರೆತರಲು ಹೊರಟ ಎಸ್ಟೇಟಿನ ಜೀಪು ಮರ ಬಿದ್ದ ದಾರಿಯಲ್ಲೇ ನಿಂತಿತು. ಸಾಯುವವರು ಏನಾದರೊಂದು ಮಾತು ಹೇಳಿ ಹೋಗುತ್ತಾರೆ ಎಂದು ಕಥೆಗಳಲ್ಲಿ ಬರುತ್ತದೆ. ಅವ್ವ ಏನೂ ಹೇಳಲಿಲ್ಲ, ಅವಳಿಗೆ ಎಚ್ಚರವೇ ಇರಲಿಲ್ಲ. ನಿನ್ನನ್ನು ನನ್ನ ಮಡಿಲಿಗೆ ಯಾರೂ ಹಾಕಲಿಲ್ಲ ಕಣೋ. ನೀನು ಅಳುತ್ತಿದ್ದೆ, ಎತ್ತಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ, ನಾನು ಎತ್ತಿಕೊಂಡೆ.

ಆಕಳ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದೆವು. ಕುಡಿದದ್ದರಲ್ಲಿ ಅರ್ಧ ಕಕ್ಕುತ್ತಿದ್ದೆ. ಕುಡಿದ ಮೇಲೂ ಬಾಯಿ ಚಪ್ಪರಿಸುತ್ತಾ ಏನನ್ನೋ ಹುಡುಕುತ್ತಿದ್ದೆ. ಸಿಕ್ಕದಿದ್ದರೆ ನೀಲಿ ಬರುವವರೆಗೆ ಅಳುತ್ತಿದ್ದೆ. ಒಂದು ದಿನ ಕೆಂಚಮ್ಮ ನೋಡಲಾರದೆ, ‘ಒಣ ಮೊಲೆನಾದ್ರೂ ಬಾಯಿಗಿಕ್ಕವ್ವ, ಕೂಸು ಸುಮ್ಕಾದಾತು’ ಅಂದಳು. ನನಗೆ ನಾಚಿಕೆಯಿಂದ ಪ್ರಾಣ ಹೋಯಿತು. ಅವಳು ಬಾಗಿಲು ಹಾಕಿ ಹೊರಗೆ ಕೂತಳು. ನೀನು ಬಾಯಿ ಹಾಕಿದವನು ಹಾಗೇ ಸುಮ್ಮನಾಗಿ ನಿದ್ದೆ ಹೋದೆ. ಅಷ್ಟು ಹೊತ್ತಿಗೆ ನನಗೂ ಆ ಅಳು ಕೇಳಿ ಕೇಳಿ ಹುಚ್ಚು ಹಿಡಿಯುವಂತಾಗಿತ್ತು. ಆಮೇಲೆ ನೀನು ಅತ್ತಾಗಲೆಲ್ಲ ಅದೇ ಉಪಾಯ. ತಿಂಗಳು ಕಳೆದಿತ್ತೋ ಏನೋ, ಒಂದು ಬೆಳಗ್ಗೆ ನಿನ್ನ ತುಟಿಯ ಮೂಲೆಯಲ್ಲಿ ಬೆಳ್ಳಗೆ ಕಂಡಿತು. ಕಕ್ಕಿದ್ದೇನೋ ಎಂದು ಒರೆಸಿದೆ. ಮತ್ತೆ ಬಂತು. ನನ್ನದೇ ಹಾಲು. ಹೆದರಿ ಲೈನಿಗೆ ಓಡಿ ಕೆಂಚಮ್ಮನಿಗೆ ತೋರಿಸಿದೆ. ಅವಳು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ‘ನಿಮ್ಮವ್ವನೇ ಇಳ್ದವ್ಳೆ ಕಣವ್ವ’ ಅಂದಳು. ನಿನ್ನ ಹಸಿವಿಗೆ ಸಾಲುವಷ್ಟೇನೂ ಅಲ್ಲ, ಆಕಳ ಹಾಲಿನ ಮೇಲೊಂದು ಒಗ್ಗರಣೆಯಷ್ಟು. ಆದರೆ ಅದು ಬಂದ ಮೇಲೆ ನೀನು ಕಕ್ಕುವುದು ನಿಂತಿತು, ಕೆನ್ನೆ ತುಂಬಿತು. ಅದು ಆಗಬಾರದ ಸಂಗತಿ ಎಂದು ನನಗೆ ಅನ್ನಿಸಲೇ ಇಲ್ಲ. ಅತ್ತವನಿಗೆ ಹಾಲು ಬಂತು, ಸರಿಯಾಗಿಯೇ ಇದೆ ಅಂದುಕೊಂಡೆ. ಅಂಥ ಸಂತೋಷ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಸೂತಕ, ದುಃಖ ಎಲ್ಲ ಕಳೆಯಲಿ ಎಂದು ನಿನ್ನ ನಾಮಕರಣವನ್ನು ತಡವಾಗಿ, ಶಿವರಾತ್ರಿಯ ಹೊತ್ತಿಗೆ, ಆಲೂರಿನಲ್ಲಿ ರಾಮಮ್ಮತ್ತೆಯ ಮನೆಯಲ್ಲಿ ಇಟ್ಟುಕೊಂಡರು. ಅಯ್ಯನವರು ವಿಭೂತಿ ಹಚ್ಚಿದ್ದಕ್ಕೆ ನೀನು ಬಾಯಿ ಬಿಟ್ಟೆ. ತೊಟ್ಟಿಲು ರಾಮಮ್ಮತ್ತೆಯ ಹತ್ತಿರ, ನಾನು ಹೆಂಗಸರ ನಡುವೆ ದೂರದಲ್ಲಿ. ನಿನ್ನ ಅಳು ಕಿವಿಗೆ ಬಿದ್ದದ್ದೇ ತಡ, ಎದೆ ಜುಮ್ಮೆಂದು ಹಾಲು ತಾನಾಗಿ ಇಳಿಯಿತು. ದಾವಣಿ ಸರಿಮಾಡಿಕೊಳ್ಳುವಷ್ಟರಲ್ಲಿ ರವಿಕೆಯೆಲ್ಲ ತೊಯ್ದಿತ್ತು. ‘ಏನೇ ಜಗದಾ, ರವಿಕೆ ನೆಂದೈತಲ್ಲೇ?’ ಎಂದು ರಾಮಮ್ಮತ್ತೆ ಕೇಳಿದರು. ನೀರು ಚೆಲ್ಲಿತು ಅಂದಿದ್ದರೆ ಮುಗಿಯುತ್ತಿತ್ತು. ನಾನು ಹೆಮ್ಮೆಯಿಂದ, ‘ಹಾಲು ಅತ್ತೆ’ ಅಂದೆ. ಎಲ್ಲರಿಗೂ ಕೇಳುವಂತೆ ಅಂದೆ. ಸಂತೋಷದ ಸುದ್ದಿಯನ್ನು ಜನ ಹಾಗಲ್ಲವೇ ಹೇಳುವುದು? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ನನ್ನ ಸೊಂಟವನ್ನು ಮೇಲಿಂದ ಕೆಳಗೆ ನೋಡಿದಳು. ಅವ್ವನ ಹೊಟ್ಟೆಯನ್ನು ಯಾರೂ ಕಂಡಿರಲಿಲ್ಲ, ನನ್ನ ಹಾಲನ್ನು ಎಲ್ಲರೂ ಕಂಡರು. ಲೆಕ್ಕ ಅಲ್ಲೇ ಕೂಡಿಹೋಯಿತು. ಮಗಳ ತಪ್ಪನ್ನು ತಾಯಿ ತನ್ನ ಮೇಲೆ ಹಾಕಿಕೊಂಡಳು, ಅದೇ ಕೊರಗಿನಲ್ಲಿ ಸತ್ತಳು ಎಂದು ಊಟದ ಪಂಕ್ತಿ ಏಳುವ ಮೊದಲೇ ಆಲೂರಿನಲ್ಲಿ ಕಥೆ ಸಿದ್ಧವಾಗಿತ್ತು.

ಅವತ್ತೇ ಬಸ್ಸು ಹತ್ತಿಸಿ ಅಪ್ಪ ನಮ್ಮನ್ನು ಮನೆಗೆ ಕರೆತಂದರು. ಮಾರನೆಯ ದಿನ ಸಕಲೇಶಪುರಕ್ಕೆ ಹೋದವರು ಬಾಳೆಲೆಯಲ್ಲಿ ಕಟ್ಟಿದ ದೊಡ್ಡ ಪೊಟ್ಟಣ ತಂದರು. ದುಂಡುಮಲ್ಲಿಗೆ. ಆ ಚಳಿಗಾಲದ ಕೊನೆಯಲ್ಲಿ ಎಲ್ಲಿ ಸಿಕ್ಕಿತೋ. ಅವ್ವ ಹೋದ ಮೇಲೆ ನಮ್ಮ ಮನೆಗೆ ಹೂ ಬಂದಿರಲಿಲ್ಲ. ನಾನು ಹದಿನೇಳರ ಹುಡುಗಿ, ಅಪ್ಪನಿಗೆ ಕೊನೆಗೂ ನನ್ನ ನೆನಪಾಯಿತಲ್ಲ ಎಂದು ಕೈ ಚಾಚಿದೆ. ಅವರು ಅದನ್ನು ನನ್ನ ಕೈಗೆ ಕೊಡದೆ ಕೆಂಚಮ್ಮನ ಕೈಗೆ ಕೊಟ್ಟು ಹೊರಟುಹೋದರು. ಹಾಲು ಬತ್ತಿಸಬೇಕಾದರೆ ಎದೆಗೆ ಮಲ್ಲಿಗೆ ಕಟ್ಟುತ್ತಾರೆ, ಮಗು ಸತ್ತ ಬಾಣಂತಿಯರಿಗೆ ಹಾಗೆ ಮಾಡುತ್ತಾರೆ ಎಂದು ಅವತ್ತು ನನಗೆ ಗೊತ್ತಾಯಿತು. ಕೆಂಚಮ್ಮ ಅಳುತ್ತಾ ಕಟ್ಟಿದಳು. ನೀನು ಪಕ್ಕದ ಕೋಣೆಯಲ್ಲಿ ಅಳುತ್ತಿದ್ದೆ, ನನ್ನನ್ನು ನಿನ್ನ ಹತ್ತಿರ ಬಿಡಲಿಲ್ಲ. ಹೂ ಬಾಡಿದಂತೆಲ್ಲ ಹೊಸದು ಬರುತ್ತಿತ್ತು. ಹಾಲು ನಿಂತಿತು. ಮಲ್ಲಿಗೆ ಮುಡಿಯುವುದಿಲ್ಲವೇಕೆ ಎಂದು ಚಿಕ್ಕಂದಿನಲ್ಲಿ ನೀನು ಪೀಡಿಸುತ್ತಿದ್ದೆಯಲ್ಲ, ತಲೆನೋವು ಬರುತ್ತದೆ ಎಂದು ನಾನು ಹೇಳುತ್ತಿದ್ದೆ. ಅಪ್ಪನ ಮೇಲೆ ಸಿಟ್ಟಿಲ್ಲ. ಅವರು ನನ್ನ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದರು. ಒಂದು ಸಲವಾದರೂ ತಂಗಿಯ ಮನೆಗೆ ಹೋಗಿ, ಹೆತ್ತವಳು ನನ್ನ ಹೆಂಡತಿ ಎಂದು ಗಟ್ಟಿಯಾಗಿ ಹೇಳಿದ್ದರೆ ಸಾಕಾಗಿತ್ತು. ಗಂಡಸರಿಗೆ ಹೂ ತರುವುದು ಸುಲಭ, ಇಂಥ ಮಾತು ಆಡುವುದು ಕಷ್ಟ.

ಆಮೇಲೆ ನನ್ನನ್ನು ನೋಡಲು ಬಂದ ಗಂಡುಗಳ ವಿಷಯ ಬರೆಯುವುದಿಲ್ಲ. ಬಂದವರೆಲ್ಲ ಹೋಗುವಾಗ ಆಲೂರಿನ ಮೇಲೆಯೇ ಹೋಗಬೇಕಲ್ಲ, ದಾರಿ ಅದೊಂದೇ. ಕಾಲ ಕಳೆದಂತೆ ಮಾತು ಹಳಸಿತು, ರಾಮಮ್ಮತ್ತೆ ತೀರಿಕೊಂಡರು, ನೀನು ಹಾಸನದಲ್ಲಿ ಓದಿ ಕೆಲಸ ಹಿಡಿದೆ. ಆದರೆ ನನ್ನೊಳಗೆ ಒಂದು ಮುಳ್ಳು ಉಳಿದೇಬಿಟ್ಟಿತು. ಹೆರದವಳಿಗೆ ಹಾಲು ಬರುವುದುಂಟೇ? ಜನ ಹೇಳುವಂತೆ ನನ್ನಲ್ಲೇ ಏನಾದರೂ ಕೆಟ್ಟದ್ದಿತ್ತೇ? ಮಾಡದ ತಪ್ಪಿಗೆ ನನ್ನ ಮೈಯೇ ಸಾಕ್ಷಿ ಹೇಳಿತಲ್ಲ ಎಂದು ನನ್ನ ಮೈಯನ್ನು ಕಂಡರೆ ನನಗೇ ಆಗುತ್ತಿರಲಿಲ್ಲ. ಇದನ್ನು ಯಾರ ಹತ್ತಿರ ಕೇಳುವುದು? ಕೊನೆಗೆ ಉತ್ತರ ಬಂದದ್ದು ಜೇನುಪೆಟ್ಟಿಗೆಯಿಂದ.

ಮರಿಗಳೆಲ್ಲ ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುವ ಆ ರೋಗ ಬಂದು ಈ ಸೀಮೆಯ ತುಡುವೆ ಜೇನೆಲ್ಲ ಹೋಯಿತಲ್ಲ, ನನ್ನ ಪೆಟ್ಟಿಗೆಗಳೂ ಖಾಲಿಯಾದವಲ್ಲ, ಅದಾಗಿ ಎರಡು ಮೂರು ವರ್ಷಕ್ಕೆ ಜೇನು ಸೊಸೈಟಿಯ ನಂಜುಂಡ ಹೊಸ ಜೇನುಕುಟುಂಬಗಳನ್ನು ತಂದುಕೊಟ್ಟ. ನೀನು ನೋಡಿದ್ದೀಯ, ಸೈಕಲ್ಲಿನ ಹಿಂದೆ ಹೊಗೆಡಬ್ಬ ಕಟ್ಟಿಕೊಂಡು ಪೆಟ್ಟಿಗೆ ಪರೀಕ್ಷೆಗೆ ಬರುವವನು. ಅದರಲ್ಲಿ ಒಂದು ಪೆಟ್ಟಿಗೆ ಯಾಕೋ ಸೊರಗುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಮೇಣದ ಎರಿಯ ತುಂಬ ಮೊಟ್ಟೆ. ಸದ್ಯ, ರಾಣಿ ಚೆನ್ನಾಗಿದ್ದಾಳೆ ಎಂದು ಖುಷಿಯಾಯಿತು. ನಂಜುಂಡ ಎರಿಯನ್ನು ಬಿಸಿಲಿಗೆ ಹಿಡಿದು, ‘ಇದು ರಾಣಿ ಇಟ್ಟಿದ್ದಲ್ಲ ಕಣಕ್ಕ. ರಾಣಿ ಆದ್ರೆ ಒಂದು ಕೋಣೆಗೆ ಒಂದೇ ಇಡ್ತಾಳೆ, ತಳಕ್ಕೇ ಇಡ್ತಾಳೆ. ಇದು ನೋಡು, ಎರಡು ಮೂರು ಗೋಡೆಗೆಲ್ಲ ಅಂಟೈತೆ. ರಾಣಿ ಸತ್ತೋಗ್ಬುಟ್ಟವ್ಳೆ. ಕೆಲಸದ ನೊಣಗಳೇ ಇಟ್ಟವೆ’ ಅಂದ. ಕೆಲಸದ ನೊಣಗಳೂ ಹೆಣ್ಣೇ, ರಾಣಿಯ ಹೆಣ್ಣುಮಕ್ಕಳು, ಆದರೆ ಅವು ಗಂಡುನೊಣದ ಜೊತೆ ಕೂಡುವುದೇ ಇಲ್ಲ, ಹುಟ್ಟಿದಂದಿನಿಂದ ದುಡಿದು ಸಾಯುತ್ತವೆ ಎಂದು ನನಗೂ ಗೊತ್ತಿತ್ತು. ‘ಮದುವೆ ಇಲ್ದೆ ಹೆಂಗೋ?’ ಅಂದೆ. ‘ಮದುವೆ ಇಲ್ದೇನೇ ಕಣಕ್ಕ’ ಅಂದು ನಕ್ಕ.

ಆಮೇಲೆ ಅವನು ಬಿಡಿಸಿ ಹೇಳಿದ. ರಾಣಿಯ ಮೈಯಲ್ಲಿ ಒಂದು ವಾಸನೆ ಇದೆ, ಅವಳನ್ನು ನೆಕ್ಕಿದ ನೊಣಗಳು ಅದನ್ನು ಬಾಯಿಂದ ಬಾಯಿಗೆ ಹಂಚುತ್ತವೆ. ಆ ವಾಸನೆ ಗೂಡಿನಲ್ಲಿ ತಿರುಗುತ್ತಿರುವವರೆಗೆ ಮಿಕ್ಕವುಗಳ ಗರ್ಭ ಮಲಗಿಯೇ ಇರುತ್ತದೆ. ತಾಯಿ ಸತ್ತು ವಾಸನೆ ನಿಂತರೆ, ಕೆಲವು ಹೆಣ್ಣುಮಕ್ಕಳ ಮೈ ಎಚ್ಚರಗೊಳ್ಳುತ್ತದೆ. ಅವು ಇಟ್ಟ ಮೊಟ್ಟೆಯಲ್ಲಿ ಗಂಡುನೊಣ ಮಾತ್ರ ಹುಟ್ಟುತ್ತದೆ, ಗೂಡು ಉಳಿಯುವುದಿಲ್ಲ, ಆದರೂ ಇಡುತ್ತವೆ. ಇನ್ನೊಂದು ಹೇಳಿದ. ಮರಿಗಳಿಗೆ ಹಾಲು ಕುಡಿಸುವುದು ರಾಣಿಯಲ್ಲವಂತೆ, ಚೆನ್ನಾಗಿದ್ದ ಗೂಡಿನಲ್ಲೂ ಎಳೆಯ ಕೆಲಸದ ನೊಣಗಳೇ ಕುಡಿಸುವುದಂತೆ. ಅವುಗಳ ತಲೆಯೊಳಗೆ ಹಾಲಿನಂಥ ರಸ ಊರುತ್ತದೆ, ಮರಿಗಳ ವಾಸನೆ ಬಡಿದರೆ ಇನ್ನಷ್ಟು ಊರುತ್ತದೆ. ‘ಹೆತ್ತೋಳು ಒಬ್ಳು, ಹಾಲೂಡ್ಸೋರೆಲ್ಲ ಅಕ್ಕದೀರು’ ಅಂದ. ಇದಕ್ಕೆಲ್ಲ ಹಾರ್ಮೋನು ಅನ್ನುತ್ತಾರೆ ಎಂದೂ ಹೇಳಿದ. ಭಜನೆಯಲ್ಲಿ ಬಾರಿಸುವುದಲ್ಲವೇನೋ ಅಂದೆ. ಅಷ್ಟು ಹೇಳುವುದರಲ್ಲಿ ನನಗೆ ಅಳು ಬಂತು. ಪಾಪ, ನೊಣ ಕಚ್ಚಿತೇನೋ ಎಂದು ಅವನು ಸುಣ್ಣ ತರಲು ಒಳಗೆ ಓಡಿದ. ರಾಣಿ ಇರುವಾಗಲೂ ಯಾವುದೋ ಒಂದು ನೊಣ ಕದ್ದು ಮೊಟ್ಟೆ ಇಟ್ಟರೆ, ಬೇರೆ ನೊಣಗಳು ವಾಸನೆ ಹಿಡಿದು ಬಂದು ಅದನ್ನು ತಿಂದುಹಾಕುತ್ತವಂತೆ. ಆಲೂರಿನವರು ಅಲ್ಲೂ ಇದ್ದಾರಲ್ಲಪ್ಪ ಅಂದುಕೊಂಡೆ.

ಆ ಪೆಟ್ಟಿಗೆಯನ್ನು ಅವನು ಬಿಸಾಡಲಿಲ್ಲ. ರಾಣಿ ಇರುವ ಬಲವಾದ ಪೆಟ್ಟಿಗೆಯ ಮೇಲೆ ಅದನ್ನು ಕೂರಿಸಿ, ನಡುವೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಸಿದ. ಎರಡೂ ಕಡೆಯ ನೊಣಗಳು ಕಾಗದವನ್ನು ಕಡಿದು ತೂತು ಮಾಡುವಷ್ಟರಲ್ಲಿ ವಾಸನೆ ಬೆರೆಯಿತು, ಜಗಳವಾಗಲಿಲ್ಲ. ಕೆಲವು ದಿನದಲ್ಲಿ ಎಲ್ಲ ಒಂದೇ ಸಂಸಾರ. ಮೊಟ್ಟೆ ಇಟ್ಟಿದ್ದ ನೊಣಗಳ ಗರ್ಭ ಮತ್ತೆ ಮಲಗಿತು, ಅವು ಯಾವುವೆಂದು ಆಮೇಲೆ ಗುರುತಿಸುವುದಕ್ಕೂ ಆಗಲಿಲ್ಲ. ಮೊಟ್ಟೆ ಇಟ್ಟವರು ನೀವೇನಾ ಎಂದು ಆ ಗೂಡಿನಲ್ಲಿ ಯಾರೂ ಅವನ್ನು ಕೇಳಲಿಲ್ಲ.

ನೊಣದ ಮಾತು ಮನುಷ್ಯರಿಗೆ ಸಾಲುವುದಿಲ್ಲ ಎಂದು ನೀನು ಅನ್ನಬಹುದು, ನೀನು ಓದಿದವನು. ಅದಕ್ಕೇ ಬೀಪಿ ತೋರಿಸಲು ಹೋದಾಗ ಸಕಲೇಶಪುರದ ಲೇಡಿ ಡಾಕ್ಟರನ್ನೂ ಧೈರ್ಯ ಮಾಡಿ ಕೇಳಿದ್ದೇನೆ. ಯಾರದೋ ಕಥೆ ಎಂಬಂತೆ ಕೇಳಿದೆ. ಅವರು ಬರೆಯುತ್ತಾ ತಲೆ ಎತ್ತದೆ, ‘ಆಗುತ್ತಮ್ಮ, ಅಪರೂಪ, ಆದರೆ ಆಗುತ್ತೆ. ಮಗು ದಿನಾ ಚೀಪುತ್ತಿದ್ದರೆ ಹಾಲಿನ ಹಾರ್ಮೋನು ಹುಟ್ಟುತ್ತೆ, ನೀನು ಹೆತ್ತಿದ್ದೀಯೋ ಇಲ್ಲವೋ ಅಂತ ಮೈ ಕೇಳೋದಿಲ್ಲ’ ಅಂದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿ, ಇನ್ನೇನೂ ಕೇಳದೆ ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ತುಂಬ ಹೊತ್ತು ಕೂತಿದ್ದೆ. ಇಷ್ಟು ವರ್ಷ ಬೈದುಕೊಂಡಿದ್ದ ಈ ಮೈ ಮೇಲೆ ಅವತ್ತು ಕನಿಕರ ಬಂತು. ಈ ಮಾತನ್ನು ನಿನಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮೀಸೆ ಬಂದ ತಮ್ಮನಿಗೆ ಇಂಥದ್ದನ್ನು ಯಾವ ಬಾಯಿಂದ ಹೇಳುವುದು? ನಾನು ಹೇಳುವ ಮೊದಲು ಆಲೂರು ಹೇಳಿತು.

ಕೆಂಚಮ್ಮನಿಗೆ ವಿಷಯ ಗೊತ್ತಾಯಿತು. ನಾನು ಅಳುವುದನ್ನು ಕಂಡು ಬಿಡದೆ ಕೇಳಿದಳು. ‘ನಾನೇ ತಿಪಟೂರಿಗೆ ಬತ್ತೀನಿ ಕಣವ್ವ, ಮಗೀನ ಹೊಕ್ಕಳು ಕುಯ್ದ ಕೈ ಇದು ಅಂತ ಅವರ ಮುಂದೇನೇ ಕೈ ಚಾಚ್ತೀನಿ’ ಎಂದು ಎದ್ದು ನಿಂತಳು. ಅವಳಿಗೆ ಈಗ ಕಣ್ಣು ಮಂಜು, ಹೆದ್ದಾರಿ ದಾಟಿಸಲೂ ಯಾರಾದರೂ ಬೇಕು. ನಾನು ಬೇಡ ಅಂದೆ. ಹೆಣ್ಣಿನ ಕಡೆಯವರು ಸಾಕ್ಷಿ ಕೇಳಿದ್ದರೆ ಕಳಿಸುತ್ತಿದ್ದೆ. ಕೇಳಿದವನು ನೀನು. ನಿನಗೂ ನನಗೂ ನಡುವೆ ಸಾಕ್ಷಿ ಬಂದು ನಿಲ್ಲುವಂತಾದರೆ, ನಾನು ಏನು ಎಂದು ರುಜುವಾತಾಗಿ ಏನು ಬಂತು? ಜ್ವರ ಬಂದಾಗ ಯಾರು ಎತ್ತಿಕೊಂಡು ಕೂತಿದ್ದರು ಎಂದು ನಿನಗೆ ಗೊತ್ತಿತ್ತಲ್ಲ. ‘ಅಕ್ಕ, ಜನ ಹೀಗೆ ಅನ್ನುತ್ತಿದ್ದಾರೆ, ನನಗೆ ಸಿಟ್ಟು ಬಂದಿದೆ’ ಎಂದು ಬರೆದಿದ್ದರೆ ಸಾಕಾಗಿತ್ತು ನನಗೆ. ನೀನು ಜಾಗ ಖಾಲಿ ಬಿಟ್ಟಿದ್ದೇನೆ ಎಂದು ಬರೆದೆ.

ಆ ಜಾಗ ಖಾಲಿ ಬಿಡಬೇಡ. ಅಲ್ಲಿ ಅವ್ವನ ಹೆಸರು ಹಾಕಿಸು, ದಿವಂಗತ ಚೆನ್ನಬಸಮ್ಮ ಎಂದು, ಅಪ್ಪನ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ. ನಿನ್ನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕಂಬಳಿಯಡಿ ಬಚ್ಚಿಟ್ಟುಕೊಂಡು ಓಡಾಡಿದವಳು ಅವಳು. ನಿನ್ನಿಂದಲೇ ಸತ್ತವಳು ಅವಳು. ಅವಳನ್ನು ಆಲೂರಿನವರು ತಾಯಿಯಲ್ಲ ಎಂದು ಮಾಡಿಬಿಟ್ಟರು, ಅವಳ ಮಗನೂ ಹಾಗೆ ಮಾಡಬಾರದು. ಆಶಾಳ ಅಪ್ಪನಿಗೆ ಈ ಕಾಗದವನ್ನು ಓದಲು ಕೊಡುವುದಾದರೆ ಕೊಡು, ನನಗೆ ಈ ವಯಸ್ಸಿನಲ್ಲಿ ನಾಚಿಕೆ ಉಳಿದಿಲ್ಲ. ಅವರು ನಂಬಿದರೂ ನಂಬದಿದ್ದರೂ ನಾನು ಮದುವೆಗೆ ಬರುವುದಿಲ್ಲ. ಇದು ಮುನಿಸಲ್ಲ. ನೀನು ಹಸೆಯ ಮೇಲೆ ಕೂತು, ಇವಳಿಂದ ಯಾರಾದರೂ ಏನಾದರೂ ಅಂದಾರು ಎಂದು ಕಣ್ಣಂಚಿನಲ್ಲಿ ನನ್ನನ್ನು ನೋಡುವುದನ್ನು ನಾನು ನೋಡಲಾರೆ. ಮದುವೆಯಾದ ಮೇಲೆ ಯಾವತ್ತಾದರೂ ಅವಳನ್ನು ಕರೆದುಕೊಂಡು ಬಾ. ಹುಡುಗಿಯದೇನೂ ತಪ್ಪಿಲ್ಲ. ಬರುವ ಮೊದಲು ಒಂದು ಸಾಲು ಬರೆ, ಅಕ್ಕಿ ರೊಟ್ಟಿಗೆ ಹಿಟ್ಟು ಬೀಸಿಸಿ ಇಡುತ್ತೇನೆ.

ಮೈ ಚೆನ್ನಾಗಿ ನೋಡಿಕೋ. ಅರಿಸಿನದ ನೀರು ಹಾಕುವ ದಿನ ಬೆಳಗ್ಗೆ ಏನಾದರೂ ತಿಂದು ಕೂರು, ಖಾಲಿ ಹೊಟ್ಟೆಯಲ್ಲಿ ನಿನಗೆ ತಲೆ ಸುತ್ತುತ್ತದೆ. ಕೆಂಚಮ್ಮ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದಳು. ನೀನೂ ಆಶಾಳೂ ಒಬ್ಬರ ಮಾತು ಒಬ್ಬರು ನಂಬಿಕೊಂಡು ಬಹುಕಾಲ ಬಾಳಿರಿ, ಬೇರೆ ಯಾವ ಆಶೀರ್ವಾದವೂ ನನ್ನ ಹತ್ತಿರ ಇಲ್ಲ.

ಇಂತಿ ನಿನ್ನ ಅಕ್ಕ,
ಜಗದಾಂಬ

ಇನ್ನೊಂದು ಮಾತು. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಪ್ರಶ್ನೆ ಓದಿ ಅತ್ತೆ ಅಂದೆನಲ್ಲ, ಅದು ಆಮೇಲೆ. ಮೊದಲು ನನಗೆ ಸಂತೋಷವೇ ಆಯಿತು. ನೀನು ನನ್ನ ತಾಯಿಯೇ ಎಂದು ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಹೌದು ಎಂದು ಒಂದು ಕಾಗದ ಬರೆದೆ. ಮಗನೇ ಎಂದು ಶುರು ಮಾಡಿ ನಾಲ್ಕು ಪುಟ ಬರೆದೆ, ಅಂಟಿಸಿ ವಿಳಾಸವನ್ನೂ ಬರೆದೆ. ಕಳಿಸಲಾರದೆ, ಹರಿಯಲಾರದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಇವತ್ತು ಬೆಳಗ್ಗೆ ಒಲೆಗೆ ಹಾಕಿದೆ. ಉತ್ತರ ತಡವಾದದ್ದು ಅದಕ್ಕೇ.